ಸುವಾಸನೆಯ ಬಾತ್ ಬಾಂಬ್: ಒಡೆಯದಂತೆ, ಉಬ್ಬದಂತೆ ಮನೆಯಲ್ಲೇ ಮಾಡುವ ಕ್ರಮ

ಬಾತ್ ಬಾಂಬ್ ಎಂದರೆ ಸ್ನಾನದ ನೀರಿಗೆ ಹಾಕಿದಾಗ ಬುಸುಗುಟ್ಟುತ್ತ ಕರಗುವ ಸುವಾಸನೆಯ ಉಂಡೆ. ಅದು ಕೆಡುವುದು ಹೆಚ್ಚಾಗಿ ಎರಡು ಬಗೆಯಲ್ಲಿ. ಒಂದೋ ಅಚ್ಚಿನಿಂದ ತೆಗೆಯುತ್ತಿದ್ದಂತೆ ಪುಡಿಪುಡಿಯಾಗುತ್ತದೆ, ಇಲ್ಲವೇ ರಾತ್ರಿ ಚೆನ್ನಾಗಿದ್ದ ಉಂಡೆ ಬೆಳಗಾಗುವುದರೊಳಗೆ ಉಬ್ಬಿ, ಮೈಮೇಲೆ ಗಂಟೆದ್ದು, ತಳ ಚಪ್ಪಟೆಯಾಗಿ ಕೂತಿರುತ್ತದೆ. ಮೊದಲನೆಯದಕ್ಕೆ ತೇವ ಸಾಲದಿರುವುದು ಕಾರಣ, ಎರಡನೆಯದಕ್ಕೆ ತೇವ ಹೆಚ್ಚಾಗಿರುವುದು. ಕೆಟ್ಟಾಗ ಅಳತೆ ಬದಲಿಸುವವರು, ಹೊಸ ಪದಾರ್ಥ ಸೇರಿಸುವವರೇ ಜಾಸ್ತಿ. ಆದರೆ ತಪ್ಪು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ತೇವವನ್ನು ಎಷ್ಟು, ಯಾವಾಗ, ಹೇಗೆ ಹಾಕಿದೆವು ಎಂಬುದರಲ್ಲಿ ಇರುತ್ತದೆ.

ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್ ಒಣಗಿರುವಷ್ಟು ಹೊತ್ತು ಒಂದರ ಪಕ್ಕ ಒಂದು ತೆಪ್ಪಗಿರುತ್ತವೆ. ನೀರು ತಾಗಿದರೆ ಕರಗಿ ಕೂಡಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬುಸುಗುಡುವ ಗುಳ್ಳೆಗಳು ಅವೇ. ಹೆಚ್ಚಿನವರು ಗಮನಿಸದ ಸಂಗತಿ ಇನ್ನೊಂದಿದೆ: ಈ ಕ್ರಿಯೆಯಲ್ಲೇ ಹೊಸದಾಗಿ ನೀರೂ ಹುಟ್ಟುತ್ತದೆ. ಅಂದರೆ ಒಮ್ಮೆ ಶುರುವಾದದ್ದು ತನಗೆ ಬೇಕಾದ ತೇವವನ್ನು ತಾನೇ ಒದಗಿಸಿಕೊಳ್ಳುತ್ತ ಒಳಗೊಳಗೇ ಮುಂದುವರಿಯಬಲ್ಲದು. ಹಿಂದಿನ ಸಂಜೆ ಒಂದು ಚಮಚ ನೀರು ಹೆಚ್ಚಾದದ್ದಕ್ಕೆ ಮರುದಿನ ಉಂಡೆ ಉಬ್ಬುವುದು ಹೀಗೆ.

## ಬೇಕಾದ ಪದಾರ್ಥಗಳು

6 ಸೆಂಟಿಮೀಟರ್ ಅಡ್ಡಳತೆಯ ಗುಂಡು ಅಚ್ಚಿನಲ್ಲಿ ನಾಲ್ಕೈದು ಉಂಡೆಗಳಿಗೆ ಆಗುವ ಅಳತೆ ಇದು:

- ಅಡುಗೆ ಸೋಡಾ: 300 ಗ್ರಾಂ
- ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು: 150 ಗ್ರಾಂ
- ಕಾರ್ನ್ ಫ್ಲೋರ್: 60 ಗ್ರಾಂ
- ಬಾದಾಮಿ ಎಣ್ಣೆ ಅಥವಾ ಇಂಥ ಯಾವುದೇ ತೆಳು ಎಣ್ಣೆ: 12 ಗ್ರಾಂ
- ಪಾಲಿಸಾರ್ಬೇಟ್ 80, ಅಂದರೆ ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ದ್ರವ: 5 ಗ್ರಾಂ
- ಸುಗಂಧ ತೈಲ: 4 ಗ್ರಾಂ
- ಮೈಕಾ, ಅಂದರೆ ಅಭ್ರಕದ ಹೊಳೆಯುವ ಬಣ್ಣದ ಪುಡಿ, ಬೇಕಿದ್ದರೆ: 2 ಗ್ರಾಂ
- ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 90ಕ್ಕಿಂತ ಗಟ್ಟಿಯದು: ಸಿಂಪಡಿಸಲು ಬೇಕಾದಷ್ಟು

ಎಲ್ಲವನ್ನೂ ತೂಕದಲ್ಲೇ ಅಳೆಯಿರಿ. ಕಪ್ಪಿನಲ್ಲಿ ಅಳೆದರೆ ಪುಡಿ ಎಷ್ಟು ಒತ್ತಿ ಕೂತಿದೆ ಎಂಬುದರ ಮೇಲೆ ಅಳತೆ ಪ್ರತಿ ಸಲ ಬೇರೆಯಾಗುತ್ತದೆ.

ಸೋಡಾ ಎರಡು ಪಾಲು, ಆಸಿಡ್ ಒಂದು ಪಾಲು ಎಂಬ ಲೆಕ್ಕಕ್ಕೆ ಕಾರಣವಿದೆ. 192 ಗ್ರಾಂ ಸಿಟ್ರಿಕ್ ಆಸಿಡ್ ಪೂರ್ತಿ ಮುಗಿಯಲು 252 ಗ್ರಾಂ ಸೋಡಾ ಸಾಕು. ಎರಡು ಪಾಲು ಹಾಕಿದಾಗ ಆಸಿಡ್ ಎಲ್ಲ ಖರ್ಚಾಗಿ ಸ್ವಲ್ಪ ಸೋಡಾ ಉಳಿಯುತ್ತದೆ, ನೀರು ಹುಳಿಯಾಗುವುದಿಲ್ಲ. ಬುರುಗು ಹೆಚ್ಚಲಿ ಎಂದು ಆಸಿಡ್ ಏರಿಸಿದರೆ ಮೈ ಉರಿಯುತ್ತದೆ, ಉಂಡೆಯೂ ತೇವಕ್ಕೆ ಬೇಗ ಸೋಲುತ್ತದೆ.

ಹೆಸರು ಹತ್ತಿರವಿದ್ದ ಮಾತ್ರಕ್ಕೆ ಒಂದರ ಬದಲು ಇನ್ನೊಂದು ಹಾಕಬೇಡಿ. ಬೇಕಿಂಗ್ ಪೌಡರ್‌ನಲ್ಲಿ ಸೋಡಾ ಜೊತೆಗೆ ಆಮ್ಲವೂ ಪಿಷ್ಟವೂ ಮೊದಲೇ ಬೆರೆತಿರುತ್ತವೆ. ಅದನ್ನು ಹಾಕಿದರೆ ಲೆಕ್ಕವೇ ತಪ್ಪುತ್ತದೆ. ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಅಂತೂ ಬೇರೆಯದೇ ವಸ್ತು, ಕಟು ಕ್ಷಾರ. ಚರ್ಮಕ್ಕೂ ಕಣ್ಣಿಗೂ ಹಾನಿ. ನಿಂಬೆರಸ, ವಿನೆಗರ್ ಇವು ದ್ರವ. ಬಟ್ಟಲಲ್ಲೇ ಎಲ್ಲ ಉಕ್ಕಿ ಮುಗಿದುಹೋಗುತ್ತದೆ.

ಸಿಟ್ರಿಕ್ ಆಸಿಡ್ ಎರಡು ರೂಪದಲ್ಲಿ ಸಿಗುತ್ತದೆ. ಪೊಟ್ಟಣದ ಮೇಲೆ ‘ಮೊನೊಹೈಡ್ರೇಟ್’ ಎಂದಿದ್ದರೆ ಅದರ ಹರಳಿನೊಳಗೇ ಶೇ. 8.6ರಷ್ಟು ನೀರು ಅಡಗಿದೆ ಎಂದರ್ಥ. ‘ಅನ್‌ಹೈಡ್ರಸ್’ ಎಂದಿರುವುದನ್ನೇ ಆರಿಸಿ. ಅದು ದಪ್ಪ ಹರಳಾಗಿದ್ದರೆ ಪೂರ್ತಿ ಒಣಗಿದ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಧೂಳು ಕೂತ ಮೇಲೆ ಮುಚ್ಚಳ ತೆಗೆಯಿರಿ. ತಕ್ಷಣ ತೆಗೆದರೆ ಕೆಮ್ಮು, ಕಣ್ಣೀರು ಖಂಡಿತ.

ಕೊಬ್ಬರಿ ಎಣ್ಣೆಯನ್ನೂ ಬಳಸಬಹುದು. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಉಂಡೆ ಗಟ್ಟಿಯಾಗಲು ಒಂದಿಷ್ಟು ನೆರವಾಗುತ್ತದೆ. ಸೆಕೆಯ ದಿನಗಳಲ್ಲಿ ಆ ಲಾಭವಿಲ್ಲ. ಎಪ್ಸಮ್ ಉಪ್ಪು, ನೊರೆ ಬರಿಸುವ ಪುಡಿ, ಒಣ ಹೂವು ಇವೆಲ್ಲ ಮೊದಲ ಪ್ರಯತ್ನಕ್ಕೆ ಬೇಡವೇ ಬೇಡ. ಎಪ್ಸಮ್ ಉಪ್ಪಿನ ಹರಳಿನಲ್ಲೂ ನೀರಿದೆ, ದಪ್ಪ ಹರಳು ಹಿಡಿತವನ್ನೂ ಸಡಿಲಿಸುತ್ತದೆ. ಸಾದಾ ಮಿಶ್ರಣ ಕೈಗೆ ಹತ್ತಿದ ಮೇಲೆ ಒಂದೊಂದಾಗಿ ಸೇರಿಸಿ ನೋಡಿ.

## ಸಲಕರಣೆ

ಒಂದು ಗ್ರಾಂ ತೋರಿಸುವ ತಕ್ಕಡಿ, ಅಗಲ ಬಾಯಿಯ ಬಟ್ಟಲು, ಸಣ್ಣ ಕಣ್ಣಿನ ಜರಡಿ, ಮಂಜಿನಂತೆ ಸಿಂಪಡಿಸುವ ಸ್ಪ್ರೇ ಬಾಟಲಿ, ಎರಡು ಹೋಳಿನ ಅಚ್ಚು, ಕೈಗವಸು, ಮಾಸ್ಕ್. ಸ್ಪ್ರೇ ಬಾಟಲಿ ಹನಿಹನಿಯಾಗಿ ಉಗುಳುವಂಥದ್ದಾದರೆ ಅದನ್ನು ಬದಿಗಿಡಿ. ಹನಿ ಬಿದ್ದ ಜಾಗವೆಲ್ಲ ಗುಳ್ಳೆಯೇಳುತ್ತದೆ. ಅಚ್ಚು ಸ್ಟೀಲ್ ಅಥವಾ ಪ್ಲಾಸ್ಟಿಕ್ ಯಾವುದಾದರೂ ಆದೀತು, ಒಳಮೈ ನುಣುಪಾಗಿರಬೇಕು. ಪಾತ್ರೆ, ಚಮಚ, ಅಚ್ಚು ಎಲ್ಲವೂ ಒಣಗಿರಲಿ. ‘ತೊಳೆದು ಒರೆಸಿದ್ದೇನೆ’ ಎಂಬಷ್ಟು ಸಾಲದು, ಸಂದಿಯಲ್ಲೂ ತೇವ ಉಳಿದಿರಬಾರದು.

## ದಿನದ ಆಯ್ಕೆ

ಗಾಳಿಯ ಆರ್ದ್ರತೆ ಶೇ. 50ಕ್ಕಿಂತ ಕಡಿಮೆಯಿದ್ದರೆ ಕೆಲಸ ಸಲೀಸು. ಶೇ. 65 ದಾಟಿದ ದಿನ ಮಿಶ್ರಣ ಗಾಳಿಯಿಂದಲೇ ತೇವ ಎಳೆದುಕೊಳ್ಳುತ್ತದೆ. ಮಳೆ ಹಿಡಿದಿರುವಾಗ ಮಾಡಲೇಬೇಕೆಂದಿದ್ದರೆ ಎಸಿ ಅಥವಾ ತೇವ ಹೀರುವ ಯಂತ್ರ ಇರುವ ಕೋಣೆ ಬೇಕು. ಸ್ನಾನದ ಮನೆಯ ಪಕ್ಕ, ಒಲೆಯ ಮೇಲೆ ಏನಾದರೂ ಕುದಿಯುತ್ತಿರುವ ಅಡುಗೆಮನೆ ಇವೆರಡೂ ಬೇಡ. ಆಲ್ಕೋಹಾಲ್‌ಗೆ ಬೆಂಕಿ ಬೇಗ ಹೊತ್ತುವುದರಿಂದ ಹತ್ತಿರ ದೀಪ, ಊದುಬತ್ತಿ, ಉರಿಯುವ ಒಲೆ ಯಾವುದೂ ಇರಬಾರದು. ಕಿಟಕಿ ತೆರೆದಿಟ್ಟು ಗಾಳಿಯಾಡುವಂತೆ ಮಾಡಿಕೊಳ್ಳಿ.

## ಹಂತ 1: ಪುಡಿಗಳನ್ನು ಜರಡಿ ಹಿಡಿಯುವುದು

ಸೋಡಾ ಮತ್ತು ಕಾರ್ನ್ ಫ್ಲೋರ್ ಎರಡನ್ನೂ ಬಟ್ಟಲಿಗೆ ಜರಡಿ ಹಿಡಿಯಿರಿ. ಗಂಟು ಉಳಿದರೆ ಅದು ಉಂಡೆಯ ಮೇಲೆ ಬಿಳಿ ಚುಕ್ಕೆಯಾಗಿ ಕಾಣುತ್ತದೆ, ಅಲ್ಲೇ ಬಿರುಕೂ ಬಿಡುತ್ತದೆ. ಸಿಟ್ರಿಕ್ ಆಸಿಡ್ ಅನ್ನು ಈಗಲೇ ಸುರಿಯಬೇಡಿ, ಬೇರೆ ಬಟ್ಟಲಲ್ಲಿ ಅಳೆದು ಮುಚ್ಚಿಡಿ. ಎಲ್ಲ ಒಟ್ಟಿಗೆ ಹಾಕಿ ಕಲಸುವ ಕ್ರಮವೂ ರೂಢಿಯಲ್ಲಿದೆ. ಆದರೆ ಆಸಿಡ್ ಕೊನೆಗೆ ಬಂದರೆ ಎಣ್ಣೆ, ಬಣ್ಣಗಳನ್ನು ಅವಸರವಿಲ್ಲದೆ ಬೆರೆಸಲು ಸಮಯ ಸಿಗುತ್ತದೆ. ಹೊಸಬರಿಗೆ ಇದೇ ಒಳ್ಳೆಯದು.

## ಹಂತ 2: ಬಣ್ಣ

ಮೈಕಾ ಪುಡಿಯನ್ನು ಸೋಡಾ ಮಿಶ್ರಣಕ್ಕೆ ಹಾಕಿ ಬೆರಳಿಂದ ಉಜ್ಜಿ ಸಮವಾಗಿಸಿ. ಮೈಕಾ ನೀರಲ್ಲಿ ಕರಗುವುದಿಲ್ಲ. ಪಾಲಿಸಾರ್ಬೇಟ್ ಇಲ್ಲದಿದ್ದರೆ ಎಣ್ಣೆಯೊಂದಿಗೆ ತೇಲಿ ಟಬ್ಬಿನ ಅಂಚಿಗೆ ಪಟ್ಟೆಯಾಗಿ ಅಂಟುತ್ತದೆ. ನೀರಿಗೇ ಬಣ್ಣ ಬರಬೇಕೆಂದರೆ ಸೌಂದರ್ಯ ಸಾಧನಗಳಿಗೆಂದೇ ಮಾಡಿದ, ನೀರಲ್ಲಿ ಕರಗುವ ಬಣ್ಣದ ಪುಡಿ ಬೇಕು. ಅದು ಒಣಗಿರುವಾಗ ಪೇಲವವಾಗಿ ಕಾಣುತ್ತದೆ. ಸಾಲದೆಂದು ಇನ್ನಷ್ಟು ಸುರಿದರೆ ಮೈಯೂ ಟವೆಲ್ಲೂ ಬಣ್ಣ ಹಿಡಿಯುತ್ತವೆ. ಈ ಅಳತೆಗೆ ಅರ್ಧ ಗ್ರಾಂ ಧಾರಾಳ.

ಅಡುಗೆಗೆ ಬಳಸುವ ದ್ರವ ಬಣ್ಣದಲ್ಲಿ ಬಹುಪಾಲು ನೀರು, ಹಾಗಾಗಿ ಅದು ಬೇಡ. ಅರಿಶಿನವೂ ಬೇಡ: ಕ್ಷಾರ ತಾಗಿದರೆ ಕೆಂಪಾಗುತ್ತದೆ, ಟಬ್ಬಿಗೆ ಕಲೆ ಕೂರುತ್ತದೆ.

## ಹಂತ 3: ಸುವಾಸನೆ ಕೂಡಿಸುವುದು

ಚಿಕ್ಕ ಗಾಜಿನ ಲೋಟದಲ್ಲಿ ಎಣ್ಣೆ, ಪಾಲಿಸಾರ್ಬೇಟ್, ಸುಗಂಧ ತೈಲ ಮೂರನ್ನೂ ತೂಗಿ ಚೆನ್ನಾಗಿ ಕಲಕಿ. ಸುಗಂಧವನ್ನು ನೇರ ಪುಡಿಗೆ ಸುರಿದರೆ ಒಂದೇ ಕಡೆ ನಿಲ್ಲುತ್ತದೆ. ಒಂದು ಉಂಡೆ ಘಾಟು, ಇನ್ನೊಂದು ಸಪ್ಪೆ. ಹನಿ ಎಣಿಸಿ ಅಳೆಯುವ ಅಭ್ಯಾಸವನ್ನೂ ಬಿಡಿ. ಬಾಟಲಿಯ ಬಾಯಿ, ತೈಲದ ದಪ್ಪ ಬದಲಾದಂತೆ ಹನಿಯ ಗಾತ್ರವೂ ಬದಲಾಗುತ್ತದೆ.

4 ಗ್ರಾಂ ಎಂದರೆ ಒಟ್ಟು ತೂಕದ ಶೇ. 1ಕ್ಕಿಂತ ಕಡಿಮೆ. ಒಣ ಉಂಡೆ ಮೂಸಿದಾಗ ಇದು ಹದವಾಗಿ ಕಾಣದೇ ಇರಬಹುದು. ಬಿಸಿನೀರಿಗೆ ಬಿದ್ದಾಗ ಹಬೆಯೊಂದಿಗೆ ಪರಿಮಳ ಏಳುತ್ತದೆ, ಆಗ ಇಷ್ಟೇ ಸಾಕೆನಿಸುತ್ತದೆ. ನಂಬಿಕೆ ಬಾರದಿದ್ದರೆ ಚೂರೊಂದನ್ನು ಬಿಸಿನೀರಿಗೆ ಹಾಕಿ ನೋಡಿ, ಆಮೇಲೆ ಹೆಚ್ಚಿಸುವ ಮಾತು.

ಕಿತ್ತಳೆಯಂಥ ಹಗುರ ಪರಿಮಳ ಮೊದಲು ಮೂಗಿಗೆ ಬಡಿದು ಬೇಗ ಆರಿಹೋಗುತ್ತದೆ. ಅದೊಂದನ್ನೇ ಹಾಕಿದ ಉಂಡೆ ಕೆಲವೇ ವಾರಗಳಲ್ಲಿ ವಾಸನೆ ಕಳೆದುಕೊಳ್ಳುತ್ತದೆ. ಜೊತೆಗೆ ಭಾರದ ಪರಿಮಳವೊಂದು ಇರಬೇಕು. ನಂಬಬಹುದಾದ ಒಂದು ಕೂಟ: ಲ್ಯಾವೆಂಡರ್ 2 ಗ್ರಾಂ, ಸಿಹಿ ಕಿತ್ತಳೆ 1.5 ಗ್ರಾಂ, ದೇವದಾರು 0.5 ಗ್ರಾಂ. ದೇವದಾರಿನ ಜಾಗದಲ್ಲಿ ಲಾವಂಚವೂ ಆದೀತು, ಆದರೆ ಅದರ ಗಾಢತೆಗೆ ಇನ್ನೂ ಕಡಿಮೆ ಸಾಕು. ಅರ್ಧ ಗ್ರಾಂ ತೋರಿಸದ ತಕ್ಕಡಿಯಾದರೆ ಈ ಕೂಟವನ್ನು ಹತ್ತು ಪಟ್ಟು ಮಾಡಿ ಗಾಢ ಬಣ್ಣದ ಬಾಟಲಿಯಲ್ಲಿಟ್ಟುಕೊಂಡು ಪ್ರತಿ ಸಲ ಅದರಿಂದ 4 ಗ್ರಾಂ ತೆಗೆಯಿರಿ.

ಚಕ್ಕೆ ಮತ್ತು ಲವಂಗದ ತೈಲ ಸ್ನಾನದ ನೀರಿಗೆ ಸಲ್ಲದು, ಚರ್ಮ ಸುಡುತ್ತದೆ. ಪುದೀನ, ನೀಲಗಿರಿಯನ್ನು ಹೇಳಿದ ಅಳತೆಯ ಕಾಲುಭಾಗಕ್ಕೆ ಇಳಿಸಿ. ಹಿಂಡಿ ತೆಗೆದ ನಿಂಬೆ ಮತ್ತು ಬರ್ಗಮಾಟ್ ತೈಲ ಮೈಮೇಲಿದ್ದಾಗ ಬಿಸಿಲು ಬಿದ್ದರೆ ಚರ್ಮ ಕಂದಬಹುದು. ತಯಾರಿಸಿದ ಸೆಂಟ್ ಬಳಸುವುದಾದರೆ ಅದು ಚರ್ಮಕ್ಕೆ ಯೋಗ್ಯವೋ ಎಂದು ಮಾರುವವರ ಬಳಿ ಐಎಫ್‌ಆರ್‌ಎ (ಅಂತರರಾಷ್ಟ್ರೀಯ ಸುಗಂಧ ಸಂಘ) ಪ್ರಮಾಣಪತ್ರ ಕೇಳಿ. ಮೇಣದಬತ್ತಿಗೆ ಮಾತ್ರ ಎಂದು ಬರೆದಿರುವುದನ್ನು ಮುಟ್ಟಬೇಡಿ. ವೆನಿಲಿನ್ ಇರುವ ಸೆಂಟ್ ಕ್ರಮೇಣ ಉಂಡೆಯನ್ನು ಕಂದು ಮಾಡುತ್ತದೆ. ಕೆಟ್ಟಿದ್ದಲ್ಲ, ಆದರೆ ಬಿಳಿ ಉಂಡೆ ಬೇಕೆನ್ನುವವರು ಬೇರೆ ಸುವಾಸನೆ ನೋಡಿಕೊಳ್ಳಲಿ.

## ಹಂತ 4: ಎಣ್ಣೆ, ಆಮೇಲೆ ಆಸಿಡ್

ಸೋಡಾ ಮಿಶ್ರಣದ ಮೇಲೆ ಎಣ್ಣೆಯನ್ನು ಎಳೆಯಾಗಿ ಸುತ್ತಲೂ ಬಿಟ್ಟು, ಅಂಗೈಗಳ ನಡುವೆ ಪುಡಿಯನ್ನು ಉಜ್ಜುತ್ತ ಉದುರಿಸಿ. ಎಣ್ಣೆಯ ಗಂಟು ಒಂದೂ ಉಳಿಯಬಾರದು. ಇದಕ್ಕೆ ಐದು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಬಳಿಕ ಸಿಟ್ರಿಕ್ ಆಸಿಡ್ ಸೇರಿಸಿ ಪೂರ್ತಿ ಬೆರೆಯುವವರೆಗೆ ಕಲಸಿ ಇಡೀ ಮಿಶ್ರಣವನ್ನು ಮತ್ತೊಮ್ಮೆ ಜರಡಿಯಲ್ಲಿ ಹಾಯಿಸಿ. ಈ ಎರಡನೆಯ ಜರಡಿಯನ್ನು ಬೇಸರದಿಂದ ಬಿಟ್ಟುಬಿಡುವವರಿಗೇ ಉಂಡೆಯಲ್ಲಿ ಎಣ್ಣೆಯ ಕಲೆ ಬರುವುದು.

ಇಷ್ಟಾದ ಮೇಲೆ ಒಂದು ಹಿಡಿ ಅದುಮಿ ನೋಡಿ. ಕೆಲವೊಮ್ಮೆ ಎಣ್ಣೆಯಿಂದಲೇ ಹಿಡಿತ ಬಂದುಬಿಟ್ಟಿರುತ್ತದೆ. ಹಾಗಿದ್ದರೆ ಸಿಂಪಡಿಸುವ ಕೆಲಸ ಎರಡೇ ಒತ್ತಿಗೆ ಮುಗಿಯುತ್ತದೆ.

## ಹಂತ 5: ತೇವ ಕೊಡುವುದು

ಎಲ್ಲ ಉಂಡೆಗಳ ಹಣೆಬರಹ ನಿರ್ಧಾರವಾಗುವುದು ಇಲ್ಲಿ.

ನೀರಿಗಿಂತ ಆಲ್ಕೋಹಾಲ್ ಮೇಲು. ಬಹುಪಾಲು ಆವಿಯಾಗಿ ಹೋಗುತ್ತದೆ, ಅದರಲ್ಲಿರುವ ಅಲ್ಪ ನೀರಷ್ಟೇ ಕಣಗಳನ್ನು ಅಂಟಿಸಲು ಉಳಿಯುತ್ತದೆ. ನೀರನ್ನೇ ಬಳಸುವುದಾದರೆ ಈ ಅಳತೆಗೆ ಒಟ್ಟು ಅರ್ಧ ಟೀ ಚಮಚದಿಂದ ಶುರುಮಾಡಿ, ಒಂದು ಟೀ ಚಮಚ ದಾಟಲೇಬೇಡಿ.

ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈ ಮಿಶ್ರಣದಲ್ಲಿ ಇರಲಿ. ಒಂದು ಅಡಿ ಎತ್ತರದಿಂದ ಎರಡು ಸಲ ಸಿಂಪಡಿಸಿ, ಕೂಡಲೇ ಪುಡಿಯನ್ನು ಮೇಲೆಕೆಳಗೆ ಮಾಡಿ. ಮತ್ತೆ ಎರಡು ಸಲ. ಕೈ ನಿಲ್ಲಬಾರದು. ಎಲ್ಲಾದರೂ ‘ಚುಯ್’ ಎಂಬ ಸದ್ದು ಬಂದರೆ ಆ ಜಾಗಕ್ಕೆ ತೇವ ಜಾಸ್ತಿ ಬಿತ್ತೆಂದು ತಿಳಿದು ಒಣಪುಡಿ ಎಳೆದು ತಕ್ಷಣ ಉಜ್ಜಿ.

ಒದ್ದೆ ಮರಳಿನ ಹದ ಬರಬೇಕೆಂದು ಎಲ್ಲೆಡೆ ಬರೆದಿರುತ್ತದೆ. ಹೊಸಬರನ್ನು ಹಾದಿ ತಪ್ಪಿಸುವುದೇ ಆ ಹೋಲಿಕೆ. ಅಷ್ಟು ಒದ್ದೆಯಾಗುವ ಹೊತ್ತಿಗೆ ಕ್ರಿಯೆ ಶುರುವಾಗಿ ಹೋಗಿರುತ್ತದೆ. ಸರಿಯಾದ ಮಿಶ್ರಣ ಕಣ್ಣಿಗೆ ಒಣಪುಡಿಯಂತೆಯೇ ಕಾಣುತ್ತದೆ. ಹದ ತಿಳಿಯಲು ಹೀಗೆ ಮಾಡಿ: ಒಂದು ಹಿಡಿಯನ್ನು ಬಿಗಿಯಾಗಿ ಅದುಮಿ ಕೈ ಬಿಚ್ಚಿ. ಬೆರಳಚ್ಚು ಮೂಡಿದ ಗಟ್ಟಿ ಮುದ್ದೆ ನಿಂತಿರಬೇಕು. ಅದನ್ನು ಎರಡು ಇಂಚು ಎತ್ತರದಿಂದ ಬಟ್ಟಲಿಗೆ ಬೀಳಿಸಿ. ಒಂದೆರಡು ತುಂಡಾದರೆ ಹದ ಬಂದಿದೆ. ಪುಡಿಯಾಗಿ ಹರಡಿದರೆ ಇನ್ನೆರಡು ಸಿಂಪಡಿಕೆ ಬೇಕು. ಕೈಗೆ ಅಂಟಿದರೆ, ಅಥವಾ ಬಟ್ಟಲಲ್ಲಿ ಬಿಟ್ಟ ಮಿಶ್ರಣ ತಾನಾಗಿ ಮೇಲೇರುತ್ತ ಹೂವಿನಂತೆ ಹಗುರಾಗುತ್ತಿದ್ದರೆ ತೇವ ಮಿತಿ ಮೀರಿದೆ. ಆಗ ಸೋಡಾ ಎರಡು ಚಮಚ, ಆಸಿಡ್ ಒಂದು ಚಮಚ ಒಣದಾಗಿ ಬೆರೆಸಿ ಸೇರಿಸಿದರೆ ಸ್ವಲ್ಪ ಮಟ್ಟಿಗೆ ಉಳಿಸಿಕೊಳ್ಳಬಹುದು. ಚೆನ್ನಾಗಿ ಉಬ್ಬಿ ಹೋಗಿದ್ದನ್ನು ಉಳಿಸುವ ದಾರಿಯಿಲ್ಲ, ಅದರಲ್ಲಿದ್ದ ಬುರುಗು ಆಗಲೇ ಗಾಳಿಗೆ ಹೋಗಿದೆ.

## ಹಂತ 6: ಅಚ್ಚು ತುಂಬುವುದು

ಹದ ಬಂದ ಮಿಶ್ರಣ ಕಾಯುವುದಿಲ್ಲ. ಆಲ್ಕೋಹಾಲ್ ಆರುತ್ತಿದ್ದಂತೆ ಹಿಡಿತ ಕಡಿಮೆಯಾಗುತ್ತದೆ. ನಾಲ್ಕನೆಯ ಉಂಡೆಯ ಹೊತ್ತಿಗೆ ಒಣಗಿದ್ದರೆ ಮತ್ತೊಂದು ಸಿಂಪಡಿಕೆ ಕೊಡಿ.

ಎರಡೂ ಹೋಳುಗಳಿಗೆ ಮಿಶ್ರಣವನ್ನು ಸಡಿಲವಾಗಿ ತುಂಬಿ ಮೇಲೆ ಗೋಪುರದಂತೆ ರಾಶಿ ಬಿಡಿ. ಹೋಳಿನೊಳಗೆ ಬೆರಳಿಟ್ಟು ಒತ್ತಬಾರದು. ಒತ್ತಿದರೆ ಎರಡು ಗಟ್ಟಿ ಅರ್ಧಗೋಳಗಳಾಗುತ್ತವೆಯೇ ಹೊರತು ಅವು ಒಂದನ್ನೊಂದು ಹಿಡಿಯುವುದಿಲ್ಲ, ನಡುವೆ ಸರಿಯಾಗಿ ಬಾಯಿ ಬಿಡುತ್ತವೆ. ಎರಡು ರಾಶಿಗಳನ್ನು ಎದುರುಬದುರು ತಂದು ನೇರವಾಗಿ, ಬಲವಾಗಿ ಅದುಮಿ. ಹೆಚ್ಚಾದದ್ದು ಅಂಚಿನಿಂದ ಉದುರಿ ಬೀಳಲಿ. ಅಂಚುಗಳು ಕೂಡಿದ ಮೇಲೆ ಒರೆಸಿ.

ಆದರೆ ಮೈಯೆಲ್ಲ ಬಲ ಹಾಕಿ ಒತ್ತಿದ ಉಂಡೆ ನೀರಲ್ಲಿ ಮುಳುಗಿ ತಳದಲ್ಲೇ ಕರಗುತ್ತದೆ. ತೇಲುತ್ತ ತಿರುಗಬೇಕಾದರೆ ಒಳಗೆ ಸ್ವಲ್ಪ ಗಾಳಿ ಇರಬೇಕು. 6 ಸೆಂಟಿಮೀಟರ್ ಉಂಡೆಯ ಘನಗಾತ್ರ ಸುಮಾರು 113 ಮಿಲಿಲೀಟರ್. ತೂಕ 113 ಗ್ರಾಂಗಿಂತ ಕಡಿಮೆಯಿದ್ದರೆ ತೇಲುತ್ತದೆ, ಹೆಚ್ಚಿದ್ದರೆ ಮುಳುಗುತ್ತದೆ. ತಕ್ಕಡಿ ಹೇಗೂ ಪಕ್ಕದಲ್ಲೇ ಇದೆ.

## ಹಂತ 7: ಬಿಡಿಸುವುದು

ಒಂದೆರಡು ನಿಮಿಷ ಬಿಟ್ಟು, ಚಮಚದ ಹಿಂಬದಿಯಿಂದ ಮೇಲಿನ ಹೋಳಿನ ಸುತ್ತ ಮೆಲ್ಲಗೆ ತಟ್ಟಿ, ತುಸುವೇ ತಿರುವಿ ನೇರವಾಗಿ ಮೇಲೆತ್ತಿ. ಅಂಗೈಯಲ್ಲಿ ತಲೆಕೆಳಗು ಮಾಡಿಕೊಂಡು ಇನ್ನೊಂದು ಹೋಳನ್ನೂ ಹಾಗೆಯೇ ತೆಗೆಯಿರಿ. ಅಂಟಿಕೊಂಡರೆ ಎಳೆಯಬೇಡಿ, ಇನ್ನೆರಡು ನಿಮಿಷ ಕೊಡಿ. ಅಚ್ಚಿಗೆ ಎಣ್ಣೆ ಸವರುವುದರಿಂದ ಉಪಯೋಗವಿಲ್ಲ. ಪ್ರತಿ ಉಂಡೆಯ ನಂತರ ಒಣಬಟ್ಟೆಯಿಂದ ಒಳಮೈ ಒರೆಸುವುದು ಹೆಚ್ಚು ಫಲ ಕೊಡುತ್ತದೆ. ರಾತ್ರಿಯಿಡೀ ಅಚ್ಚಿನಲ್ಲೇ ಬಿಟ್ಟರೆ ತೇವ ಹೊರಹೋಗಲು ದಾರಿಯಿಲ್ಲದೆ ಗೋಡೆಗೆ ಕಚ್ಚಿಕೊಳ್ಳುತ್ತದೆ.

## ಹಂತ 8: ಒಣಗಿಸಿ ಕಟ್ಟಿಡುವುದು

ಮಡಚಿದ ಮೆತ್ತನೆ ಬಟ್ಟೆ ಅಥವಾ ಸ್ಪಂಜಿನ ಮೇಲೆ 24ರಿಂದ 48 ಗಂಟೆ ಬಿಡಿ. ಮೊದಲ ಕೆಲವು ಗಂಟೆ ಮುಟ್ಟಬಾರದು. ಓವನ್‌ನಲ್ಲಿ ಬಿಸಿ ಮಾಡಿದರೆ ಪರಿಮಳ ಹಾರುತ್ತದೆ, ಫ್ರಿಜ್‌ನಿಂದ ಹೊರತೆಗೆದಾಗ ಮೈಮೇಲೆ ನೀರು ಕೂರುತ್ತದೆ, ಎರಡೂ ಬೇಡ.

ಪೂರ್ತಿ ಒಣಗಿದ ಮೇಲೆ ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ, ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಹಸಿ ಉಂಡೆಯನ್ನು, ಉಳಿದ ಹಸಿ ಮಿಶ್ರಣವನ್ನು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚುವುದು ಅಪಾಯ: ಗ್ಯಾಸ್ ತುಂಬಿ ಬಾಟಲಿ ಸಿಡಿಯಬಹುದು. ಆರು ತಿಂಗಳೊಳಗೆ ಬಳಸಿದರೆ ಬುರುಗೂ ಪರಿಮಳವೂ ಚೆನ್ನಾಗಿರುತ್ತವೆ. ಡಬ್ಬಿಯ ಮೇಲೆ ದಿನಾಂಕ, ಹಾಕಿದ ತೈಲದ ಹೆಸರು ಮತ್ತು ‘ತಿನ್ನುವುದಲ್ಲ’ ಎಂದು ಬರೆಯಿರಿ. ಬಣ್ಣದ ಉಂಡೆ ಮಕ್ಕಳ ಕಣ್ಣಿಗೆ ಮಿಠಾಯಿಯೇ.

## ಕೆಟ್ಟಾಗ ಕಾರಣ ಹುಡುಕುವುದು

ಬಿರುಕು ಯಾವಾಗ ಬಿಟ್ಟಿತು ಎಂಬುದನ್ನು ನೋಡಿ. ಅಚ್ಚಿನಿಂದ ತೆಗೆದ ಕೂಡಲೇ ಬಿಟ್ಟರೆ ಮಿಶ್ರಣ ಒಣಗಿತ್ತು. ಕೆಲವು ಗಂಟೆಗಳ ನಂತರ ಉಬ್ಬುತ್ತ ಬಿಟ್ಟರೆ ತೇವ ಹೆಚ್ಚಾಗಿತ್ತು. ಎರಡೂ ಬಿರುಕೇ, ಮದ್ದು ಮಾತ್ರ ಒಂದಕ್ಕೊಂದು ವಿರುದ್ಧ. ಸಮಯ ಗಮನಿಸದೆ ಮದ್ದು ಮಾಡಿದವರೇ ಮತ್ತೆ ಮತ್ತೆ ಸೋಲುವುದು.

ಮೈಮೇಲೆ ಸಣ್ಣ ಗಂಟು: ಸಿಂಪಡಿಕೆ ಹನಿಯಾಗಿ ಬಿದ್ದಿದೆ, ಅಥವಾ ಆಸಿಡ್ ದಪ್ಪವಾಗಿತ್ತು, ಅಥವಾ ಒಣಗಿಸಿದ ಕೋಣೆಯಲ್ಲೇ ತೇವವಿತ್ತು.

ತಳ ಚಪ್ಪಟೆ: ತೇವ ಅಥವಾ ಎಣ್ಣೆ ಹೆಚ್ಚು, ಕೆಳಗಿನ ಹಾಸು ಗಟ್ಟಿ.

ಮುಟ್ಟಿದರೆ ಮೆತ್ತಗೆ, ಒಣಗುವುದೇ ಇಲ್ಲ: ಎಣ್ಣೆ ಜಾಸ್ತಿ. ಮುಂದಿನ ಸಲ 12 ಗ್ರಾಂ ಅನ್ನು 9ಕ್ಕೆ ಇಳಿಸಿ.

ನೀರಲ್ಲಿ ಬುಸುಗುಡುವುದೇ ಇಲ್ಲ: ಬುರುಗು ಮೊದಲೇ ಖರ್ಚಾಗಿದೆ, ಇಲ್ಲವೇ ಪದಾರ್ಥ ಹಳತು. ಅರ್ಧ ಚಮಚ ಸೋಡಾಗೆ ಅಷ್ಟೇ ಆಸಿಡ್ ಬೆರೆಸಿ ನೀರು ಬಿಟ್ಟು ನೋಡಿ. ಜೋರಾಗಿ ಉಕ್ಕಿದರೆ ಪದಾರ್ಥ ಸರಿಯಿದೆ, ತಪ್ಪಾಗಿರುವುದು ಐದನೆಯ ಹಂತದಲ್ಲಿ.

ಒಡೆದ ಉಂಡೆಯನ್ನು ಮತ್ತೆ ನೆನೆಸಿ ಅಚ್ಚಿಗೆ ತುಂಬಿದರೆ ಇನ್ನೂ ಕೆಟ್ಟದಾಗಿ ಬರುತ್ತದೆ. ಪುಡಿ ಮಾಡಿ ಡಬ್ಬಿಯಲ್ಲಿಟ್ಟು ಸ್ನಾನದ ನೀರಿಗೆ ಹಿಡಿಹಿಡಿಯಾಗಿ ಹಾಕಿಕೊಳ್ಳಿ, ನಷ್ಟವಿಲ್ಲ.

## ಬಳಸುವಾಗ

ತುಂಬಿದ ಟಬ್ಬಿಗೆ ಒಂದು ಉಂಡೆ ಸಾಕು. ಟಬ್ಬಿಲ್ಲದವರು 25 ಗ್ರಾಂನ ಪುಟ್ಟ ಉಂಡೆಗಳನ್ನು ಮಾಡಿಕೊಂಡು ಕಾಲು ನೆನೆಸುವ ಬೋಗುಣಿಗೆ ಹಾಕಬಹುದು. ಅಷ್ಟು ಕಡಿಮೆ ನೀರಿಗೆ ಸುಗಂಧವನ್ನು ಅರ್ಧಕ್ಕಿಳಿಸಿ ಮಾಡಿರಬೇಕು. ಗಾಯ, ಇಸುಬು, ಹೊಸದಾಗಿ ಕ್ಷೌರ ಮಾಡಿದ ಚರ್ಮ ಇರುವವರಿಗೆ ಉರಿಯುತ್ತದೆ. ಚಿಕ್ಕ ಮಕ್ಕಳಿಗೆ ಮಾಡುವಾಗ ಸುಗಂಧವನ್ನೇ ಬಿಟ್ಟುಬಿಡಿ. ಒಣ ಹೂವಿನ ಎಸಳು ಹಾಕಿದ್ದರೆ ನೀರು ಹೋಗುವ ಬಾಯಿಗೆ ಜಾಳಿಗೆ ಇಡಿ. ನೀರು ಚಿಮ್ಮುವ ಯಂತ್ರವಿರುವ ಟಬ್ಬಿಗೆ ಬಾತ್ ಬಾಂಬ್ ಹಾಕಲೇಬಾರದು, ಎಣ್ಣೆ ಮತ್ತು ಮೈಕಾ ಅದರ ಕೊಳವೆಯೊಳಗೆ ಕೂರುತ್ತವೆ. ಯಾವ ಟಬ್ಬೇ ಆದರೂ ನೀರು ಬಿಟ್ಟ ಮೇಲೆ ತಳದಲ್ಲಿ ಎಣ್ಣೆಯ ಪದರ ಉಳಿದಿರುತ್ತದೆ. ಏಳುವಾಗ ಅಂಚು ಹಿಡಿದುಕೊಂಡು ಏಳಿ, ಮುಂದಿನವರು ಇಳಿಯುವ ಮೊದಲು ಸೋಪು ಹಾಕಿ ತೊಳೆಯಿರಿ.